ಅಕ್ಕನ ಮೊಣಕಾಲು

ಮೋರಟಗಿಯಲ್ಲಿರುವ ನಮ್ಮ ಅಕ್ಕನಿಗೆ ಈಗ 48. ನೆಲಕ್ಕೆ ಕುಳಿತು ರೊಟ್ಟಿ ಬಡಿದು, ಕುಕ್ಕರಗಾಲಲ್ಲಿ ಹೊಲದ ಕಸ ತೆಗೆದು ಬಾಳಿದ ಜೀವ. ಈಚೆಗೆ ಏಳುವಾಗ ಗೋಡೆ ಹಿಡಿಯತೊಡಗಿದ್ದಳು. ಸಿಂದಗಿಗೆ ಹೋಗಿ ಎಕ್ಸ್‌ರೇ ತೆಗೆಸಿದಾಗ ಡಾಕ್ಟರು, "ಸವೆತ ಈಗಷ್ಟೇ ಶುರುವಾಗಿದೆ. ತೂಕ ಇಳಿಸಬೇಕು, ತೊಡೆಗೆ ಬಲ ಬರುವಂಥ ವ್ಯಾಯಾಮ ಮಾಡಬೇಕು, ನೆಲಕ್ಕೆ ಕೂಡುವುದು ಕಡಿಮೆ ಮಾಡಬೇಕು" ಎಂದರು.

ಆ ಹೊತ್ತಿಗೆ ನನ್ನ ಮಗಳ ಮದುವೆಗೆ ಉಳಿದದ್ದು 15 ದಿನ. ಅಕ್ಕನಿಲ್ಲದೆ ನಮ್ಮ ಮನೆಯಲ್ಲಿ ಯಾವ ಕಾರ್ಯವೂ ಆದದ್ದಿಲ್ಲ. "ಒಂದು ಸೂಜಿ ಮಾಡಿಸಿಬಿಡೋಣಕ್ಕಾ, ಹಗುರಾಗ್ತೈತಿ" ಎಂದು ಕರೆದೊಯ್ದವಳು ನಾನೇ. ಮೊಣಕಾಲಿನ ಸಂದಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುವ ಮುಂಚೆ ಡಾಕ್ಟರು, ಇದರ ಗುಣ ಕೆಲವು ವಾರ ಮಾತ್ರ ಎಂದು ಹೇಳಿ ಅಕ್ಕನ ಮುಖ ನೋಡಿದರು. ಅಕ್ಕ ಏನೋ ಕೇಳುವವಳಿದ್ದಳು. ಅಷ್ಟರಲ್ಲಿ ನಾನು "ಆಗಲಿ ಡಾಕ್ಟರೇ" ಅಂದುಬಿಟ್ಟೆ.

ಮೂರು ದಿನಕ್ಕೆ ಅಕ್ಕ ಗೋಡೆ ಬಿಟ್ಟು ನಡೆದಳು. ಉಂಡಿ, ಕರ್ಚಿಕಾಯಿ, ಶೇಂಗಾ ಹೋಳಿಗೆ ಎಲ್ಲವೂ ಅವಳ ಕೈಯಿಂದಲೇ ಆದವು. ಎರಡು ತಿಂಗಳಿಗೆ ನೋವು ಮರಳಿತು. "ಇನ್ನೊಂದು ಮಾಡಿಸೋಣೇನು?" ಎಂದು ಫೋನಿನಲ್ಲಿ ಕೇಳಿದೆ.

"ಸೂಜಿ ಮಾಡಿದ್ದು ನನಗ, ಆರಾಮ ಆದದ್ದು ನಿಮಗ ತಂಗಿ" ಎಂದು ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ.

ಆಮೇಲೆ ಕೂತು ಓದಿದೆ. ಅಮೆರಿಕದ ಡಾ. ಜೋಸೆಫ್ ಹೊಲಾಂಡರ್ 1951ರಲ್ಲಿ ತಮ್ಮ ಅನುಭವ ಪ್ರಕಟಿಸಿದಂದಿನಿಂದ ಸಂದಿಗೆ ಇಂಥ ಇಂಜೆಕ್ಷನ್ ಕೊಡುವುದು ರೂಢಿಗೆ ಬಂದಿದೆ. ಇದು ಬಾವು, ನೋವು ಇಳಿಸುತ್ತದೆ. ಸವೆದ ಮೃದು ಎಲುಬನ್ನು ಬೆಳೆಸುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವು ದಿನ ಸಕ್ಕರೆ ಏರಬಹುದು. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 140 ಜನರಿದ್ದರು. ಮೂರು ತಿಂಗಳಿಗೊಮ್ಮೆ, ಎರಡು ವರ್ಷ, ಕೆಲವರಿಗೆ ಸ್ಟೆರಾಯ್ಡ್, ಉಳಿದವರಿಗೆ ಬರೀ ಉಪ್ಪುನೀರು. ಕೊನೆಗೆ ಸ್ಟೆರಾಯ್ಡ್ ಪಡೆದವರ ಮೃದು ಎಲುಬೇ ಹೆಚ್ಚು ಸವೆದಿತ್ತು. ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ನಮ್ಮದೇ ರಕ್ತದಿಂದ ತಯಾರಿಸಿ ಕೊಡುವ ಪಿ.ಆರ್.ಪಿ. ಇಂಜೆಕ್ಷನ್ ಕೂಡ, 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ವರ್ಷದ ಕೊನೆಗೆ ಉಪ್ಪುನೀರಿಗಿಂತ ಮೇಲು ಎನಿಸಲಿಲ್ಲ.

ಹಾಗಾದರೆ ಸೂಜಿ ಮಾಡಿಸಿದ್ದು ತಪ್ಪೇ? ಹಾಗೆನ್ನಲಾರೆ. ನೋವು ನುಂಗುವುದೇ ಹೆಣ್ಣಿನ ಪುಣ್ಯ ಎಂಬ ಮಾತನ್ನು ನಮ್ಮ ತಾಯಂದಿರು ಬೇಕಾದಷ್ಟು ಕೇಳಿದ್ದಾರೆ. ಅದನ್ನು ನಾವು ಮತ್ತೆ ಹೇಳುವುದು ಬೇಡ. ತೀರಾ ನೋವಿದ್ದಾಗ ನಾಲ್ಕು ವಾರದ ನೆಮ್ಮದಿಯೂ ದೊಡ್ಡದೇ. ಆದರೆ ಆ ನಾಲ್ಕು ವಾರ ಯಾರದು? ವ್ಯಾಯಾಮ ಕಲಿಯಲು, ನಾಲ್ಕು ಹೆಜ್ಜೆ ನಡೆಯಲು, ನಿದ್ದೆ ಮಾಡಲು ಅವು ಅಕ್ಕನಿಗೆ ಸಿಕ್ಕ ದಿನಗಳು. ನಾನು ಅವನ್ನು ಹೋಳಿಗೆಯ ಲೆಕ್ಕಕ್ಕೆ ಬರೆದುಕೊಂಡೆ. ನೋವಿದ್ದಾಗ "ಕೂತುಕೋ" ಎನ್ನಲಾದರೂ ನಮಗೆ ಒಂದು ನೆಪವಿತ್ತು. ನೋವು ಅಡಗಿದ ಕೂಡಲೇ ಆ ನೆಪವೂ ಹೋಯಿತು. ನಿಮ್ಮ ಮನೆಯಲ್ಲೂ ಹೀಗಾಗಿರಬಹುದು: ಅವ್ವನ ಬೆನ್ನಿಗೆ ಮುಲಾಮು ಹಚ್ಚುವುದು ಪ್ರೀತಿಯಿಂದಲೋ, ನಾಳೆಯ ರೊಟ್ಟಿಗಾಗಿಯೋ ಎಂದು ನಮ್ಮನ್ನು ನಾವು ಕೇಳಿಕೊಂಡಿರುವುದಿಲ್ಲ.

ಕಳೆದ ವಾರ ಮೋರಟಗಿಗೆ ಹೋಗಿ ಓದಿದ್ದೆಲ್ಲವನ್ನೂ ಅಕ್ಕನಿಗೆ ಹೇಳಿದೆ. ಅಂದು ಅವಳ ಬದಲು ನಾನು ಮಾತಾಡಿದ್ದನ್ನೂ ಹೇಳಿದೆ. ಬಹಳ ಹೊತ್ತು ಮೊಣಕಾಲು ಸವರುತ್ತ ಕುಳಿತಳು. "ಮಾಡಿಸಬೇಕೋ ಬ್ಯಾಡೋ, ನಾ ಡಾಕ್ಟರನ್ನ ಕೇಳಿ ಹೇಳ್ತೀನಿ. ಆದ್ರ ಮಾಡಿಸಿಕೊಂಡ ಮ್ಯಾಗ ನಾ ಕುಂತಾಗ ರೊಟ್ಟಿ ಬಡಿಯೋರು ಯಾರು, ಅದನ್ನ ನೀವು ಹೇಳ್ರಿ" ಅಂದಳು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಆ ಸಂಜೆ ಒಲೆಯನ್ನು ಕಟ್ಟೆಯ ಮೇಲೆ ಏರಿಸಿದೆವು. ರೊಟ್ಟಿ ನಾನು ಬಡಿದೆ. ಅಂಚು ಹರಿದಿದ್ದವು. ಅಕ್ಕ ಕುರ್ಚಿಯ ಮೇಲೆ ಕುಳಿತು, ಏನೂ ಅನ್ನದೆ ಉಂಡಳು.