ಎತ್ತಿದವರು ಯಾರು?

ಇಂಡಿಯಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ಒಂದು ಹೊಲದೊಳಗೆ ಹೊಸ ಬಾವಿ ತೋಡುತ್ತಿದ್ದರು. ದಂಡೆಯ ಮೇಲೆ ನೀಳ ಕೊರಳಿನ ಯಂತ್ರವೊಂದು ಬಾಗಿ, ಕಲ್ಲುಮಣ್ಣು ತುಂಬಿದ ತೊಟ್ಟಿಯನ್ನು ಮೇಲೆತ್ತಿ ಪಕ್ಕಕ್ಕೆ ಸುರಿಯುತ್ತಿತ್ತು. “ಇದಕ್ಕ ಏನಂತೀರ್ರಿ?” ಎಂದೆ. “ಕ್ರೇನ್ ಅಂತೀವ್ರಿ. ಎಲ್ಲಾ ಅದ ಎತ್ತತದ” ಎಂದರು ಹೊಲದ ಒಡೆಯರು.

ಕ್ರೇನ್ ಎಂಬುದು ಇಂಗ್ಲಿಷಿನಲ್ಲಿ ಮೊದಲು ಹಕ್ಕಿಯ ಹೆಸರು. ನಮ್ಮ ಸಾರಸದ ಬಳಗದ್ದು. ಗ್ರೀಕರ ‘ಗೆರಾನೋಸ್’ ಹಕ್ಕಿಯೂ ಹೌದು, ಭಾರ ಎತ್ತುವ ಯಂತ್ರವೂ ಹೌದು. ಫ್ರೆಂಚರ ‘ಗ್ರೂ’, ಪೋಲರ ‘ಝುರಾವ್’ ಎಂಬ ಮಾತುಗಳೂ ಹಾಗೆಯೆ. ಜರ್ಮನರಲ್ಲಿ ಯಂತ್ರ ‘ಕ್ರಾನ್’, ಹಕ್ಕಿ ‘ಕ್ರಾನಿಖ್’, ಬೇರು ಒಂದೇ. ರಷ್ಯನ್ನರು ಬಾವಿಯ ಏತಕ್ಕೂ ಈ ಹಕ್ಕಿಯ ಹೆಸರನ್ನೇ ಇಟ್ಟರು.

ಹೆಸರಿಟ್ಟವರ ಕಣ್ಣು ಚುರುಕಾದದ್ದು. ಬಾಗುವ ಕೊರಳು, ಕೆಳಗಿಳಿಯುವ ಕೊಕ್ಕು, ಹೋಲಿಕೆಯಲ್ಲಿ ತಪ್ಪಿಲ್ಲ. ಆದರೆ ಆ ಹಳೆಯ ಕ್ರೇನುಗಳಲ್ಲಿ ಭಾರ ಎತ್ತಿದ್ದು ಹಕ್ಕಿಯಲ್ಲ. ಪೋಲೆಂಡಿನ ಗ್ಡಾನ್ಸ್ಕ್ ಬಂದರಿನಲ್ಲಿ 15ನೆಯ ಶತಮಾನದಲ್ಲಿ ಕಟ್ಟಿದ ‘ಝುರಾವ್’ ಇದೆ. ಅದರ ದೊಡ್ಡ ಚಕ್ರಗಳ ಒಳಗೆ ಮನುಷ್ಯರು ನಡೆಯುತ್ತಲೇ ಇರಬೇಕಾಗಿತ್ತು; ಅವರು ನಡೆದರೆ ಹಗ್ಗ ಸುತ್ತುತ್ತಿತ್ತು, ಸರಕು ಮೇಲೇರುತ್ತಿತ್ತು. ಹೊರಗೆ ನಿಂತು ನೋಡಿದವರಿಗೆ ಹಕ್ಕಿಯ ಕೊರಳು ಕಂಡಿತು. ಒಳಗೆ ನಡೆದವರು ಕಾಣಲಿಲ್ಲ. ಹೆಸರಿನಲ್ಲಿ ಅವರಿಗೆ ಪಾಲೂ ಸಿಕ್ಕಲಿಲ್ಲ.

ಕನ್ನಡದಲ್ಲಿ ‘ಎತ್ತು’ ಎಂದರೆ ಮೇಲೆತ್ತುವ ಕೆಲಸ. ‘ಎತ್ತು’ ಎಂದರೆ ಹೊಲದ ಪಶುವೂ ಹೌದು. ಇವೆರಡರ ಮೂಲ ಬೇರೆ; ಪಶುವಿನ ಹೆಸರಿಗೆ ತಮಿಳಿನ ‘ಎರುದು’ ಎಂಬುದರ ನಂಟಿದೆ. ಆದರೂ ಚರ್ಮದ ಚೀಲದಲ್ಲಿ ಬಾವಿಯ ನೀರನ್ನು ಎತ್ತುಗಳೇ ಎತ್ತುತ್ತಿದ್ದ ನಾಡಿನಲ್ಲಿ ಈ ಆಕಸ್ಮಿಕ ಎಷ್ಟು ಒಪ್ಪುತ್ತದೆ! ಮುದ್ದೇಬಿಹಾಳದ ಸುತ್ತಿನ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನು ಎತ್ತಿದವನ ಹೆಸರನ್ನು ಊರೆಲ್ಲ ಕೂಗಿ ಹೇಳುತ್ತದೆ. ಅಲ್ಲಿ ಭಾರಕ್ಕೆ ಒಬ್ಬ ಒಡೆಯನುಂಟು.

ಯಂತ್ರ ಬಂದು ಮನುಷ್ಯನ ಬೆನ್ನೂ ಎತ್ತಿನ ಹೆಗಲೂ ಹಗುರಾದರೆ ಸಂತೋಷವೆ. ಬೇಡವೆನ್ನುವವರು ಒಂದು ದಿನ ಬಾವಿಗಿಳಿದು ನೋಡಲಿ. ನನ್ನ ಅಳುಕು ಬೇರೆ. “ಕ್ರೇನ್ ಎತ್ತಿತು” ಎಂಬ ವಾಕ್ಯದಲ್ಲಿ ಕರ್ತೃವಿನ ಜಾಗದಲ್ಲಿ ಕಬ್ಬಿಣ ಕುಳಿತಿದೆ. ದುಡಿದವನಿಗೆ ಸಲ್ಲುವ ಹೊಗಳಿಕೆ ಅಲ್ಲಿ ತಪ್ಪುತ್ತದೆ. ಅಪ್ಪಣೆ ಕೊಟ್ಟವನು ಹೊರಬೇಕಾದ ಹೊಣೆಯೂ ತಪ್ಪುತ್ತದೆ. ನಮ್ಮಲ್ಲಿ ‘ಎತ್ತಂಗಡಿ’ ಎಂಬ ಇನ್ನೊಂದು ಮಾತುಂಟಲ್ಲವೆ? ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ 1964ರಲ್ಲಿ ಅಡಿಗಲ್ಲಿಟ್ಟ ಅಣೆಕಟ್ಟಿನ ಹಿಂದೆ ಇಂದು 123 ಟಿ.ಎಂ.ಸಿ. ನೀರು ನಿಲ್ಲಬಲ್ಲುದು. ಒಣಗಿದ ಹೊಲಗಳಿಗೆ ಕಾಲುವೆ ಬಂತು. ಎಷ್ಟೋ ಊರುಗಳು ಎತ್ತಂಗಡಿಯಾದವು, ಹಳೆಯ ಬಾಗಲಕೋಟೆಯ ಒಂದು ಭಾಗವೂ ಮುಳುಗಿತು. “ನೀರು ಬಂತು, ಊರು ಹೋಯಿತು” ಎನ್ನುತ್ತೇವೆ. ಊರನ್ನು ಎತ್ತಿದವರು ಯಾರು? ನೀರಲ್ಲ, ಯಂತ್ರವೂ ಅಲ್ಲ. ನಿರ್ಧರಿಸಿದವರು ಮನುಷ್ಯರು, ಅದರ ಫಲ ಉಣ್ಣುವ ನಾವೂ ಅವರೊಳಗೆ ಸೇರಿದವರು.

ಬಸವಣ್ಣನವರ ಹುಟ್ಟೂರೆಂದು ಹೆಸರಾದ ಬಾಗೇವಾಡಿ ಅಲ್ಲಿಗೆ ದೂರವೇನಲ್ಲ. ‘ಕಾಯಕ’ ಎಂಬ ಅವರ ಕಾಲದ ಮಾತಿನೊಳಗೆ ‘ಕಾಯ’ವಿದೆ, ದುಡಿಯುವ ಮೈಯಿದೆ. ಆ ಮಾತನ್ನಾಡುವಾಗ ಮನುಷ್ಯನನ್ನು ಮರೆಯುವುದು ಕಷ್ಟ.

ನಾನು ಹೊರಡುವ ಹೊತ್ತಿಗೆ ಕ್ರೇನಿನ ತೊಟ್ಟಿ ಮತ್ತೊಮ್ಮೆ ಮೇಲೆ ಬಂತು. ಈ ಸಲ ಅದರಲ್ಲಿ ಕಲ್ಲಿರಲಿಲ್ಲ. ಮೈತುಂಬ ಮಣ್ಣಾದ ಇಬ್ಬರು ತಂತಿಹಗ್ಗ ಹಿಡಿದು ನಿಂತಿದ್ದರು. ಊಟದ ಹೊತ್ತಾಗಿತ್ತು.