ಎರಡು ಬೆರಳಿನ ಜಾಗ

ಲೇಟೆಕ್‌ನಲ್ಲಿ ಥೀಸಿಸ್ ಬರೆದವರಿಗೆಲ್ಲ ಈ ಕಾಟ ಗೊತ್ತು. ಮಧ್ಯದಲ್ಲೊಂದು ಸಮೀಕರಣ ಬರುತ್ತೆ. ಅದರ ಕೆಳಗೆ "ಇಲ್ಲಿ ಎಂ ಅಂದರೆ ದ್ರವ್ಯರಾಶಿ" ಅಂತ ವಾಕ್ಯ ಮುಂದುವರಿಯಬೇಕು. ಆ ಸಾಲು ಎಡ ಅಂಚಿಗೆ ಕೂರದೆ ಎರಡು ಬೆರಳು ಒಳಗೆ ಸರಿದು ನಿಲ್ಲುತ್ತೆ. ಯಾರನ್ನಾದರೂ ಕೇಳಿ, ಸಾಲಿನ ಮುಂದೆ 'ನೋಇಂಡೆಂಟ್' ಅಂತ ಹಾಕು, ಸರಿಹೋಗುತ್ತೆ ಅಂತಾರೆ. ಸರಿಹೋಗೋದೂ ನಿಜ.

ನನ್ನ ತಕರಾರು ಈ 'ಸರಿಹೋಗುತ್ತೆ' ಅನ್ನೋ ಮಾತಿನ ಮೇಲೇ.

ತನ್ನ ಪುಸ್ತಕದ ಅಚ್ಚು ಚೆನ್ನಾಗಿ ಬರಲಿಲ್ಲ ಅಂತ ಬೇಸತ್ತು ಡೊನಾಲ್ಡ್ ಕ್ನೂತ್ 1977ರಲ್ಲಿ ಟೆಕ್ ಕಟ್ಟೋಕೆ ಕೂತ. ಲೇಟೆಕ್ ನಿಂತಿರೋದು ಅದರ ಮೇಲೆ. ಅಲ್ಲಿ ಪ್ಯಾರಾ ಮುಗೀತು ಅಂತ ಹೇಳೋ ರೀತಿ ತೀರಾ ಸರಳ: ಒಂದು ಖಾಲಿ ಸಾಲು ಬಿಡೋದು. ನಾವು ಬರೆಯುವಾಗ ಕಣ್ಣಿಗೆ ಹಿತವಾಗಿರಲಿ ಅಂತ ಸಮೀಕರಣದ ಕೆಳಗೊಂದು ಖಾಲಿ ಸಾಲು ಬಿಟ್ಟಿರ್ತೀವಿ. ಯಂತ್ರಕ್ಕೆ ಅದು "ಒಂದು ವಿಚಾರ ಇಲ್ಲಿಗೆ ಮುಗೀತು" ಅಂತ ಕೇಳಿಸುತ್ತೆ. ಪಾಪ, ಹೇಳಿದ್ದನ್ನೇ ಮಾಡಿದೆ.

ಖಾಲಿ ಸಾಲು ಅಳಿಸಿದರೂ ಜಾಗ ಹೋಗುತ್ತೆ, ನೋಇಂಡೆಂಟ್ ಹಾಕಿದರೂ ಹೋಗುತ್ತೆ. ಕಾಗದದ ಮೇಲೆ ಎರಡೂ ಹೆಚ್ಚುಕಮ್ಮಿ ಒಂದೇ. ಎಂಟೆಕ್ ಮಾಡ್ತಿರೋ ನಮ್ಮೂರ ಹುಡುಗನೊಬ್ಬ ಅದನ್ನೇ ಕೇಳಿದ: "ಅಣ್ಣಾ, ಪ್ರಿಂಟ್ ನೋಡೋರಿಗೆ ಗೊತ್ತೇ ಆಗಲ್ಲ ಅಂದಮೇಲೆ ತಪ್ಪೇನು?"

ಕೇಳಬೇಕಾದ ಪ್ರಶ್ನೆನೇ. ಜೋಳ ಎದೆಮಟ್ಟ ಬೆಳೆದಾಗ ರಸ್ತೆಯಲ್ಲಿ ಹೋಗೋರಿಗೆ ಬದು ಕಾಣಲ್ಲ, ಎರಡು ಹೊಲ ಒಂದೇ ಅನ್ನಿಸುತ್ತೆ. ನೀರು ಬಿಟ್ಟವನಿಗೆ ಮಾತ್ರ ಗೊತ್ತಾಗುತ್ತೆ, ನೀರು ಅಲ್ಲೇ ನಿಲ್ಲುತ್ತೆ. ನೋಇಂಡೆಂಟ್ ಹಾಕಿದ ಮೇಲೂ ಫೈಲಿನೊಳಗೆ ಆ ವಾಕ್ಯ ಎರಡು ಪ್ಯಾರಾ ಆಗಿಯೇ ಇರುತ್ತೆ. ಅದೇ ಫೈಲನ್ನು ವೆಬ್ ಪುಟ ಮಾಡಿ ನೋಡಿ, ಮುರಿದ ವಾಕ್ಯ ಹೊರಗೆ ಬರುತ್ತೆ. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಪ್ಯಾರಾದಿಂದ ಪ್ಯಾರಾಕ್ಕೆ ಹೋಗ್ತಾ ಓದ್ತಾರೆ. ಅವರಿಗೆ ಒಂದೇ ವಾಕ್ಯದ ಬಾಲ ಬೇರೆ, ತಲೆ ಬೇರೆ ಸಿಗುತ್ತೆ. 'ಯಾರಿಗೂ ಗೊತ್ತಾಗಲ್ಲ' ಅಂದಾಗ ಆ 'ಯಾರು' ಲೆಕ್ಕದಲ್ಲಿ ಇವರು ಇರಲೇ ಇಲ್ಲ.

ಹಾಗಂತ ಕೈಯಿಂದ ತಿದ್ದಿದ್ದೆಲ್ಲ ಮೋಸ ಅನ್ನೋ ಶುದ್ಧಾಚಾರ ನನಗಿಲ್ಲ. ಮುಖಪುಟದ ಒಂದು ಸಾಲನ್ನು ಪಕ್ಕಕ್ಕೆ ತಳ್ಳಿದರೆ ಅದು ಯಾವ ಸುಳ್ಳನ್ನೂ ಹೇಳಲ್ಲ. ಶೀರ್ಷಿಕೆಯ ಕೆಳಗಿನ ಮೊದಲ ಪ್ಯಾರಾಕ್ಕೆ ಲೇಟೆಕ್ ಜಾಗ ಬಿಡಲ್ಲ, ಅದು ಇಂಗ್ಲಿಷ್ ಅಚ್ಚುಗಾರರ ರೂಢಿ. ಫ್ರೆಂಚರು ಬಿಡ್ತಾರೆ. ನಮಗೆ ಶಾಲೆಯಲ್ಲಿ ಮೇಷ್ಟ್ರು ಮೊದಲ ಪ್ಯಾರಾಕ್ಕೂ ಎರಡು ಬೆರಳಿಟ್ಟು ಬರೆಸ್ತಿದ್ದರು. ಬೇಕಿದ್ದರೆ 'ಇಂಡೆಂಟ್‌ಫಸ್ಟ್' ಪ್ಯಾಕೇಜ್ ಒಂದು ಸಲ ಸೇರಿಸಿದರೆ ಇಡೀ ಪುಸ್ತಕಕ್ಕೆ ಆಯ್ತು. ಇದು ರುಚಿಯ ವಿಷಯ, ಜಗಳ ಬೇಡ. ಸಮೀಕರಣದ ಕೆಳಗಿನ ಸಾಲು ರುಚಿಯ ವಿಷಯ ಅಲ್ಲ. ಮಾತು ಮುಗಿದಿದೆಯೋ ಇಲ್ಲವೋ ಅನ್ನೋದು ಬರೆದವನಿಗೇ ಗೊತ್ತಿರಬೇಕು, ಅದನ್ನು ಅವನೇ ಹೇಳಬೇಕು.

ನಾಳೆ ಸಬ್‌ಮಿಷನ್ ಇದೆ ಅಣ್ಣಾ, ಅಂದ ಹುಡುಗ. ನೋಇಂಡೆಂಟ್‌ಗೆ ಹಿಂದಿನ ಓರೆಗೆರೆ ಸೇರಿ ಒಂಬತ್ತು ಕೀ ಒತ್ತಬೇಕು, ಖಾಲಿ ಸಾಲು ಅಳಿಸೋಕೆ ಒಂದೇ ಅಂದೆ. ಕಣ್ಣಿಗೆ ಜಾಗ ಬೇಕೇ ಬೇಕು ಅಂದರೆ ಆ ಸಾಲಲ್ಲಿ ಒಂದು ಪರ್ಸೆಂಟ್ ಚಿಹ್ನೆ ಇಟ್ಟರೆ ಸಾಕು, ಯಂತ್ರ ಸುಮ್ಮನಿರುತ್ತೆ.