ತಯಾರಿ ಎಂಬ ಅಪರಾಧ

‘ನಾನೇನೂ ತಯಾರಿ ಮಾಡಿಕೊಂಡು ಬಂದಿಲ್ಲ, ಮನಸ್ಸಿಗೆ ತೋಚಿದ್ದನ್ನು ಹೇಳುತ್ತೇನೆ’ ಎಂದು ಮೈಕು ಹಿಡಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬರೆದುಕೊಂಡು ಬಂದವನ ಮಾತಿನಲ್ಲಿ ಮೋಸವಿದೆ, ತೋಚಿದ್ದನ್ನು ಆಡುವವನೇ ಪ್ರಾಮಾಣಿಕ ಎಂಬ ಧ್ವನಿ ಅದರಲ್ಲಿದೆ. ಕೂತವರ ಹೊತ್ತು ತಿನ್ನುವುದು ಯಾವ ಸೀಮೆಯ ಪ್ರಾಮಾಣಿಕತೆಯೋ!

ಅವರನ್ನು ಬಿಡಿ. ಇದೇ ಗುಮಾನಿಯನ್ನು ಗಟ್ಟಿಯಾಗಿ ಮಂಡಿಸಿದವನು ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್. 1790ರ ‘ಕ್ರಿಟಿಕ್ ಆಫ್ ಜಡ್ಜ್‌ಮೆಂಟ್’ನಲ್ಲಿ ಅವನ ದೂರು ಇದು: ಒಳ್ಳೆಯ ಕವಿತೆ ಓದಿದರೆ ಅಪ್ಪಟ ಸಂತೋಷ, ರೋಮನ್ ವಾಗ್ಮಿಯ ಅತ್ಯುತ್ತಮ ಭಾಷಣ ಓದಿದರೂ ಜೊತೆಗೊಂದು ಕಸಿವಿಸಿ. ಜನರ ದೌರ್ಬಲ್ಯ ಹಿಡಿದು, ಅವರು ಯೋಚಿಸುವ ಮೊದಲೇ ಯಂತ್ರಗಳಂತೆ ತೀರ್ಮಾನಕ್ಕೆ ತಳ್ಳುವ ಕಲೆ ಅದು; ಉದ್ದೇಶ ಒಳ್ಳೆಯದಿದ್ದರೂ ಗೌರವಕ್ಕೆ ಯೋಗ್ಯವಲ್ಲ. ಭಾಷಣಕಲೆಯ ಬಗ್ಗೆ ಅರಿಸ್ಟಾಟಲನ ವಿಂಗಡಣೆಗಳು, ಡೇಲ್ ಕಾರ್ನೆಗಿಯ ಉಪದೇಶಗಳು ನನಗೆ ಆಕಳಿಕೆ ತರಿಸುತ್ತವೆ. ಕಾಂಟ್ ಮಾತ್ರ ನಿದ್ದೆ ಕೆಡಿಸುತ್ತಾನೆ.

ಅರ್ಥಧಾರಿಗಳು ವೇಷವಿಲ್ಲದೆ ಕೂತು, ಪುರಾಣದ ಪಾತ್ರಗಳಾಗಿ ಮಾತಿನಲ್ಲೇ ವಾದಿಸುವ ತಾಳಮದ್ದಳೆಯನ್ನು ಅವನು ನೋಡಿರಲಿಲ್ಲ ಎಂಬುದು ನನ್ನ ಮೊದಲ ಉತ್ತರ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ನಮ್ಮ ಕಡೆಯವರು ಇವತ್ತಿಗೂ ನೆನೆಯುತ್ತಾರೆ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದೆಯೇಕೆ ಎಂದು ಕೇಳುವಾಗ ಸಭೆ ಅವನ ಕಡೆ ವಾಲುತ್ತದೆ. ರಾಮನ ಅರ್ಥಧಾರಿ ಬಾಯಿ ತೆರೆದರೆ ಮತ್ತೆ ಈ ಕಡೆ. ಇಬ್ಬರೂ ಪುರಾಣ ಅರೆದು ಕುಡಿದೇ ಬಂದವರು. ಆದರೂ ಯಾರೂ ಸೆರೆಯಾಗುವುದಿಲ್ಲ, ಏಕೆಂದರೆ ಎದುರುತ್ತರ ಅದೇ ವೇದಿಕೆಯಲ್ಲಿ ಕೂತಿರುತ್ತದೆ. ಹಾಗಾದರೆ ದೋಷ ತಯಾರಿಯದಲ್ಲ, ಎದುರಾಳಿ ಇಲ್ಲದ ಸಭೆಯದು. ಕಾಂಟ್ ಸೋತನಲ್ಲ!

ಸೋಲಲಿಲ್ಲ. ಎಷ್ಟೇ ಚೆನ್ನಾಗಿ ವಾದಿಸಿದರೂ ಪ್ರಸಂಗದ ಪ್ರಕಾರ ವಾಲಿ ಸಾಯಲೇಬೇಕು. ತೀರ್ಪು ಮೊದಲೇ ಬರೆದಿಟ್ಟಲ್ಲಿ ಕೇಳುಗನ ಸ್ವಾತಂತ್ರ್ಯ ಅಗ್ಗ.

ತೀರ್ಪು ತುಟ್ಟಿಯಾದ ಕಡೆಯೂ ನಾನು ಮಾತಾಡಿದ್ದೇನೆ. ನಮ್ಮ ಪಂಚಾಯಿತಿ ಕಟ್ಟಡದ ಕೆಳಗಿನ ಕೋಣೆ ವಾಚನಾಲಯಕ್ಕೋ ಬಾಡಿಗೆ ಅಂಗಡಿಗೋ ಎಂದು ಗ್ರಾಮಸಭೆಯಲ್ಲಿ ಚರ್ಚೆ. ನಾನು ವಾಚನಾಲಯದ ಪರ. ಎದುರು ಪಕ್ಷದ ಬಲವಾದ ಮಾತು ನನಗೆ ಗೊತ್ತಿತ್ತು: ಬಾಡಿಗೆ ಬಂದರೆ ಮೇಲಿನ ಕೇರಿಯ ಪೈಪು ದುರಸ್ತಿಯಾಗುತ್ತದೆ. ಹಿಂದಿನ ರಾತ್ರಿ ಮದುವೆ ಕಾಗದದ ಬೆನ್ನಿಗೆ ಅಂಶಗಳನ್ನು ಬರೆದುಕೊಳ್ಳುವಾಗ ಈ ಪೈಪನ್ನು ಎಲ್ಲಿಡುವುದೆಂದು ತಿಳಿಯದೆ ಒದ್ದಾಡಿದೆ. ಬಿಟ್ಟುಬಿಡುವುದು ವಂಚನೆ. ಜನ ಬೀಡಿ ಹುಡುಕುವ ನಡುಹೊತ್ತಿನಲ್ಲಿ ತುರುಕುವುದು ಸಣ್ಣ ವಂಚನೆ. ಕಡೆಗೆ ಮೊದಲ ಸಾಲಿನಲ್ಲೇ ಹಾಕಿದೆ, ಅದೇ ನ್ಯಾಯ ಎಂದುಕೊಂಡು. ಆದರೆ ಎದುರಾಳಿಯ ಮಾತನ್ನು ತಾನಾಗಿ ಎತ್ತುವವನನ್ನು ಜನ ನಂಬುತ್ತಾರೆ, ಅದೂ ನನಗೆ ಗೊತ್ತಿತ್ತು. ನ್ಯಾಯಕ್ಕಾಗಿ ಹಾಕಿದೆನೋ ನಂಬಿಕೆಗಾಗಿ ಹಾಕಿದೆನೋ? ಕಾಂಟ್ ನನ್ನನ್ನು ಹಿಡಿಯುವುದು ಇಲ್ಲೇ.

ಕೈಗಳು ಎದ್ದವು. ಮೇಲಿನ ಕೇರಿಯ ಅಜ್ಜಿಯೊಬ್ಬರು ಎತ್ತಲಿಲ್ಲ. ‘ನೀವು ಹೇಳಿದ್ದು ಸರಿಯೇ. ಆದ್ರೆ ನಮ್ಮ ನಲ್ಲಿಯಲ್ಲಿ ನೀರು ಬರ್ಲಿ, ಮತ್ತೆ ಓದುವ’ ಎಂದರು. ಭಾಷಣ ಜನರನ್ನು ಯಂತ್ರವಾಗಿಸುತ್ತದೆ ಎಂಬ ವಾದಕ್ಕೆ ಅವರಿಗಿಂತ ದೊಡ್ಡ ಉತ್ತರ ಬೇಕಿಲ್ಲ. ಆದರೆ ಎತ್ತಿದವರು? ಅವರಲ್ಲಿ ಎಷ್ಟು ಮಂದಿ ಪೈಪಿನ ಲೆಕ್ಕ ಹಾಕಿ ಎತ್ತಿದರು ಎಂದು ವೇದಿಕೆಯ ಮೇಲಿಂದ ಕಾಣಿಸಲಿಲ್ಲ. ಈಗ ಪೈಪಿನ ಪರವಾಗಿಯೇ ಮಾತಾಡಲು ತಯಾರಿಗೆ ಕೂತಿದ್ದೇನೆ. ಆ ಅಜ್ಜಿಯ ಮಾತನ್ನು ಎಲ್ಲಿ ಹಾಕಿದರೆ ನಾಟುತ್ತದೆಂದು ಆಗಲೇ ಹುಡುಕುತ್ತಿದ್ದೇನೆ.